ಧ್ವನಿಮತದ ಸದ್ದಿನಲ್ಲಿ ಕಳೆದುಹೋದ ಸ್ವಾತಂತ್ರ್ಯ

ಕಾನೂನೊಂದರ ಹೆಸರಿನಲ್ಲಿ ಸ್ವಾತಂತ್ರ್ಯ ಎಂಬ ಪದವಿದ್ದ ಮಾತ್ರಕ್ಕೆ ಅದು ಸ್ವಾತಂತ್ರ್ಯವನ್ನು ಕೊಡುತ್ತದೆಯೇ? 2022ರಲ್ಲಿ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದ ಮತಾಂತರ ನಿಷೇಧ ಕಾನೂನನ್ನು ಓದಿದವರಿಗೆ ಈ ಪ್ರಶ್ನೆ ಏಳದಿರದು. ಅದರ ಅಧಿಕೃತ ಹೆಸರು 'ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮ'. ಹೆಸರೇನೋ ಸೊಗಸಾಗಿದೆ. ಒಳಗಿರುವುದೇನು? ಧರ್ಮ ಬದಲಿಸಬಯಸುವವರು 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕು. ಬದಲಿಸಿದ ಬಳಿಕ ಮತ್ತೊಮ್ಮೆ ತಿಳಿಸಬೇಕು. ಬಂಧುಗಳಷ್ಟೇ ಅಲ್ಲ, ಸಹೋದ್ಯೋಗಿಯೂ ದೂರು ಕೊಡಬಹುದು. ತಾನು ನಿರ್ದೋಷಿಯೆಂದು ಸಾಬೀತುಪಡಿಸುವ ಹೊಣೆ ಆರೋಪಿಯ ಮೇಲೆಯೇ ಇದೆ.

ಬಲಾತ್ಕಾರ, ವಂಚನೆ, ಆಮಿಷಗಳಿಂದ ಜನರನ್ನು ರಕ್ಷಿಸುವುದೇ ಇದರ ಉದ್ದೇಶವೆಂದು ಅಂದಿನ ಬಿಜೆಪಿ ಸರಕಾರ ಹೇಳಿತು. ಬಲಾತ್ಕಾರವನ್ನು ನಾವೂ ಒಪ್ಪುವುದಿಲ್ಲ. ಧರ್ಮದ ವಿಷಯದಲ್ಲಿ ಬಲವಂತ ಸಲ್ಲದೆಂಬುದು ಇಸ್ಲಾಮಿನ ಸ್ಪಷ್ಟ ನಿಲುವು. ಆದರೆ ಬಲವಂತ ಮಾಡಿದವನನ್ನು ಶಿಕ್ಷಿಸುವುದು ಬೇರೆ, ಬಲವಂತವಿಲ್ಲದೆ ತನ್ನ ದಾರಿ ಆರಿಸಿಕೊಂಡವನನ್ನು ಸರಕಾರಿ ಕಚೇರಿಯ ಬಾಗಿಲಲ್ಲಿ ನಿಲ್ಲಿಸುವುದು ಬೇರೆ. ಈ ವ್ಯತ್ಯಾಸ ನಮ್ಮ ಶಾಸಕರಿಗೆ ತಿಳಿಯದೇ ಹೋಯಿತೇ?

ಈ ಪ್ರಶ್ನೆಯನ್ನು ನಾವು ಬಾಗಲಕೋಟೆ ಜಿಲ್ಲೆಯನ್ನು ಮುಂದಿಟ್ಟುಕೊಂಡು ಕೇಳಬಯಸುತ್ತೇವೆ. 2018ರ ಚುನಾವಣೆಯಲ್ಲಿ ಜಿಲ್ಲೆಯ 7 ಕ್ಷೇತ್ರಗಳ ಪೈಕಿ 5ರಲ್ಲಿ ಬಿಜೆಪಿ ಗೆದ್ದಿತ್ತು. ಬಾಗಲಕೋಟೆಯಿಂದ ವೀರಣ್ಣ ಚರಂತಿಮಠ, ಇಳಕಲ್ಲನ್ನೂ ಒಳಗೊಂಡ ಹುನಗುಂದದಿಂದ ದೊಡ್ಡನಗೌಡ ಪಾಟೀಲ ಆಯ್ಕೆಯಾಗಿದ್ದರು. ಇಬ್ಬರೂ ಹೊಸಬರಲ್ಲ, ಇಬ್ಬರೂ 2004 ಮತ್ತು 2008ರಲ್ಲಿ ಅದೇ ಕ್ಷೇತ್ರಗಳಿಂದ ಗೆದ್ದವರು. ಚರಂತಿಮಠರಿಗಂತೂ ರಾಜಕೀಯದಾಚೆಗೂ ಒಂದು ಹಿನ್ನೆಲೆಯಿದೆ. 1906ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಕಾರ್ಯಾಧ್ಯಕ್ಷರಾಗಿ ಅವರು ಹೆಸರಾದವರು. ಸರಕಾರದ ದಾರಿ ಕಾಯದೆ ಸಮಾಜವೇ ವಿದ್ಯೆಗಾಗಿ ಕಟ್ಟಿಕೊಂಡ ಸಂಸ್ಥೆ ಅದು. ಸಂಪ್ರದಾಯವಾದದಲ್ಲಿ ಮೆಚ್ಚತಕ್ಕದ್ದು ಏನಾದರೂ ಇದ್ದರೆ ಅದು ಇದೇ: ಮನೆ, ಮಠ, ಸಂಘ, ಸಮುದಾಯಗಳು ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳಬಲ್ಲವು, ಸರಕಾರ ಎಲ್ಲದರಲ್ಲೂ ಕೈ ಹಾಕಬೇಕಿಲ್ಲ ಎಂಬ ನಂಬಿಕೆ.

ಇಳಕಲ್ಲಿನಲ್ಲಿ ಇದಕ್ಕಿಂತಲೂ ಉಜ್ವಲವಾದ ಉದಾಹರಣೆಯಿದೆ. ಅಲ್ಲಿನ ವಿಜಯ ಮಹಾಂತೇಶ ಮಠದ ಮಹಾಂತ ಶಿವಯೋಗಿಗಳು 1975ರಲ್ಲಿ 'ಮಹಾಂತ ಜೋಳಿಗೆ' ಆರಂಭಿಸಿದರು. ಊರೂರು ತಿರುಗಿ, ಮನೆ ಬಾಗಿಲಲ್ಲಿ ಜೋಳಿಗೆ ಹಿಡಿದು, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿಬಿಡಿ ಎಂದು ಬೇಡಿದರು. ಅವರ ಬಳಿ ಲಾಠಿಯಿರಲಿಲ್ಲ, ದಂಡ ಸಂಹಿತೆಯಿರಲಿಲ್ಲ. ಮನುಷ್ಯನ ಮನಸ್ಸಿಗೆ ಮೊರೆಯಿಟ್ಟರು. ಧರ್ಮನಿಷ್ಠನಾದವನು ಸಮಾಜವನ್ನು ತಿದ್ದುವ ಬಗೆ ಇದು. ಇದೇ ಊರಿನ ಮತ ಪಡೆದು ವಿಧಾನಸಭೆಗೆ ಹೋದವರ ಪಕ್ಷ ಜೋಳಿಗೆಯನ್ನು ಬದಿಗಿಟ್ಟು ಲಾಠಿಯನ್ನೇಕೆ ಎತ್ತಿಕೊಂಡಿತು?

2020ರ ಡಿಸೆಂಬರ್ ತಿಂಗಳ ಎರಡು ದಿನಗಳನ್ನು ನೋಡಿ. 8ರಂದು ವಿಧಾನ ಪರಿಷತ್ತು ಭೂಸುಧಾರಣಾ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕಿದ್ದ 79ಎ, 79ಬಿ ಕಲಮುಗಳ ತಡೆ ತೆರವಾಯಿತು. ರೈತ ತನ್ನ ಹೊಲವನ್ನು ಯಾರಿಗೆ ಬೇಕಾದರೂ ಮಾರಬಹುದು, ಅದು ಅವನ ಸ್ವಾತಂತ್ರ್ಯ ಎಂಬುದು ಆಳುವವರ ವಾದವಾಗಿತ್ತು. ಮರುದಿನ, 9ರಂದು, ವಿಧಾನಸಭೆ ಜಾನುವಾರು ಹತ್ಯೆ ನಿಷೇಧ ಮಸೂದೆಯನ್ನು ಅಂಗೀಕರಿಸಿತು. 1964ರ ಕಾನೂನಿನಲ್ಲಿ 12 ವರ್ಷ ಮೀರಿದ ಎತ್ತಿಗೆ ಅಧಿಕಾರಿಯ ಪ್ರಮಾಣಪತ್ರದೊಂದಿಗೆ ಇದ್ದ ಅವಕಾಶವೂ ಹೊಸ ಕಾನೂನಿನಲ್ಲಿ ಉಳಿಯಲಿಲ್ಲ. ತಪ್ಪಿದರೆ 3ರಿಂದ 7 ವರ್ಷ ಜೈಲು, ಒಂದೊಂದು ಜಾನುವಾರಿಗೆ 50 ಸಾವಿರದಿಂದ 5 ಲಕ್ಷ ರೂಪಾಯಿ ದಂಡ.

ಏನಿದರ ಅರ್ಥ? ಹುನಗುಂದದ ರೈತ ಮಂಗಳವಾರ ತನ್ನ ಹೊಲವನ್ನು ಯಾವ ಬಂಡವಾಳಗಾರನಿಗಾದರೂ ಮಾರಲು ಸ್ವತಂತ್ರ. ಬುಧವಾರ, ದುಡಿಯಲಾರದ ತನ್ನ ಮುದಿ ಎತ್ತನ್ನು ಅಮೀನಗಡದ ಸಂತೆಗೆ ಹೊಡೆದುಕೊಂಡು ಹೋಗಲು ಭಯಪಡಬೇಕು. ಆ ಎತ್ತಿಗೆ ಮೇವು ಹಾಕುವವರು ಯಾರು? ಆ ಎತ್ತನ್ನು ಮಾರಿದ ಹಣದಿಂದ ಹೊಸ ಎತ್ತು ಕೊಳ್ಳುತ್ತಿದ್ದವನು ಈಗ ಎಲ್ಲಿಂದ ತರಬೇಕು? ಈ ಕಾನೂನಿನ ಏಟು ನಮ್ಮ ಕಸಾಯಿ ಕುಟುಂಬಗಳ ಮೇಲೆ ಮಾತ್ರ ಬಿತ್ತೆಂದು ತಿಳಿಯುವುದು ತಪ್ಪು. ಲಿಂಗಾಯತ, ಕುರುಬ, ದಲಿತ ರೈತನ ಗೋದಲಿಯೊಳಗೂ ಅದು ನುಗ್ಗಿದೆ. ಭೂಮಿಯ ಮಾರಾಟಕ್ಕೆ ಸ್ವಾತಂತ್ರ್ಯ, ಎತ್ತಿನ ಮಾರಾಟಕ್ಕೆ ಪೊಲೀಸು! ಉಳ್ಳವರಿಗೆ ಲಾಭವಾಗುವಲ್ಲಿ ಸ್ವಾತಂತ್ರ್ಯದ ನೆನಪಾಗುತ್ತದೆ, ಇಲ್ಲದವರ ಅನ್ನಕ್ಕೆ ಸಂಬಂಧಿಸಿದಲ್ಲಿ ಸಂಸ್ಕೃತಿಯ ನೆನಪಾಗುತ್ತದೆ.

ಇನ್ನು ಮತಾಂತರದ ವಿಷಯ. ಹುನಗುಂದ ಸೀಮೆಯಲ್ಲೇ ಕೂಡಲಸಂಗಮವಿದೆ. ಹುಟ್ಟಿನಿಂದ ಬಂದ ಆಚಾರವನ್ನು ತೊರೆದು ತನ್ನ ಅರಿವು ತೋರಿದ ದಾರಿಯಲ್ಲಿ ನಡೆದ ಬಸವಣ್ಣನವರ ಹೆಸರಿನಲ್ಲಿ ಪ್ರಮಾಣ ಮಾಡದ ರಾಜಕಾರಣಿ ಈ ಜಿಲ್ಲೆಯಲ್ಲಿ ಸಿಗುವುದು ದುರ್ಲಭ. ಈ ಕಾನೂನು 12ನೆಯ ಶತಮಾನದಲ್ಲಿದ್ದಿದ್ದರೆ? ಕಲ್ಯಾಣಕ್ಕೆ ಬಂದ ಒಬ್ಬೊಬ್ಬ ಶರಣನೂ 30 ದಿನ ಮುಂಚಿತವಾಗಿ ಅರ್ಜಿ ಸಲ್ಲಿಸಿ ಆಕ್ಷೇಪಣೆಗಳಿಗಾಗಿ ಕಾಯಬೇಕಾಗುತ್ತಿತ್ತು. ಬಸವಣ್ಣನವರ ಪುತ್ಥಳಿಗೆ ಹಾರ ಹಾಕುವ ಕೈಯೇ ಇಂಥ ಮಸೂದೆಯ ಪರವಾಗಿ ಮೇಜು ಕುಟ್ಟಿದರೆ ಅದಕ್ಕೆ ಏನೆನ್ನಬೇಕು?

ಮುಖ್ಯವಾದ ಮಾತು ಇರುವುದು ಇಲ್ಲಿ. ಜಾನುವಾರು ಮಸೂದೆಯೂ ಮತಾಂತರ ಮಸೂದೆಯೂ ವಿಧಾನಸಭೆಯಲ್ಲಿ ಅಂಗೀಕಾರವಾದದ್ದು ಧ್ವನಿಮತದಿಂದ, ಗದ್ದಲದ ನಡುವೆ. ಧ್ವನಿಮತವೆಂದರೆ ಹೌದು ಎಂದವರ ಸದ್ದು ಹೆಚ್ಚಾಯಿತೋ ಇಲ್ಲ ಎಂದವರದು ಹೆಚ್ಚಾಯಿತೋ ಎಂದು ಸಭಾಧ್ಯಕ್ಷರು ಕಿವಿಯಿಂದ ತೀರ್ಮಾನಿಸುವುದು. ಯಾವ ಶಾಸಕ ಏನೆಂದನೆಂಬುದು ದಾಖಲಾಗುವುದಿಲ್ಲ. ಮತ ವಿಭಜನೆ ಕೇಳಿದರೆ ಮಾತ್ರ ಹೆಸರು ಹೆಸರಾಗಿ ಲೆಕ್ಕ ಸಿಗುತ್ತದೆ. ಹುನಗುಂದದ ಎಸ್.ಆರ್. ಕಂಠಿಯವರು 1956ರಿಂದ 1962ರ ವರೆಗೆ ಕೂತಿದ್ದ ಪೀಠವದು. ಆ ಪೀಠದ ಮುಂದೆ ತನ್ನ ಕ್ಷೇತ್ರದ ಪ್ರತಿನಿಧಿ ಯಾವ ಕಡೆ ನಿಂತನೆಂದು ತಿಳಿಯುವ ಹಕ್ಕು ಮತದಾರನಿಗೆ ಬೇಡವೇ?

ಇದರ ಮೇಲೆ ವಿಪ್ ಬೇರೆ. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ಪಕ್ಷದ ಆಜ್ಞೆ ಮೀರಿ ಮತ ಹಾಕಿದ ಶಾಸಕ ಸ್ಥಾನವನ್ನೇ ಕಳೆದುಕೊಳ್ಳಬಹುದು. ತನ್ನ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೇ ಪಕ್ಷಕ್ಕೆ ಒತ್ತೆಯಿಟ್ಟವನು ನಮ್ಮ ನಿಮ್ಮ ಸ್ವಾತಂತ್ರ್ಯವನ್ನು ಕಾಯುವುದು ಹೇಗೆ?

ಪ್ರತಿಪಕ್ಷವೂ ಇಲ್ಲಿ ನಿರಪರಾಧಿಯಲ್ಲ. ಆಗ ಪ್ರತಿಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಇದೇ ಜಿಲ್ಲೆಯ ಬಾದಾಮಿಯಿಂದ ಗೆದ್ದವರು. ಘೋಷಣೆ ಕೂಗುವುದು, ಸದನದಿಂದ ಹೊರನಡೆಯುವುದು ಸುಲಭ; ಒಳಗೆ ಕೂತು ಕಲಮು ಕಲಮಾಗಿ ಪ್ರಶ್ನಿಸಿ, ಮತ ವಿಭಜನೆಗೆ ಪಟ್ಟು ಹಿಡಿಯುವುದು ಕಷ್ಟ. ಅಧಿಕಾರಕ್ಕೆ ಬಂದ ಬಳಿಕ 2023ರ ಜೂನ್ 15ರಂದು ಅವರ ಸಂಪುಟ ಮತಾಂತರ ಕಾನೂನನ್ನು ಹಿಂತೆಗೆಯಲು ತೀರ್ಮಾನಿಸಿತು. ಸಂಪುಟದ ತೀರ್ಮಾನ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಕಾನೂನು ರದ್ದಾಗುವುದು ಸದನದಲ್ಲಿ. ಈ ಎರಡರ ನಡುವಿನ ದೂರವನ್ನು ಅಳೆಯಲು ನಮ್ಮ ಜನ ಕಲಿಯಬೇಕು.

ಕೊನೆಗೆ ನಮ್ಮವರಿಗೂ ಒಂದು ಮಾತು. ಸ್ವಾತಂತ್ರ್ಯವನ್ನು ನಮಗೆ ಬೇಕಾದಷ್ಟೇ ಕತ್ತರಿಸಿಕೊಳ್ಳಲು ಬರುವುದಿಲ್ಲ. 2022ರ ಫೆಬ್ರವರಿ 5ರ ಸಮವಸ್ತ್ರ ಆದೇಶ ಬಂದಾಗ, ಶಿರವಸ್ತ್ರ ಹುಡುಗಿಯ ಸ್ವಂತ ಆಯ್ಕೆ ಎಂದು ನಾವೆಲ್ಲ ವಾದಿಸಿದೆವು. ಸರಿಯಾದ ವಾದವೇ. ಆದರೆ ಅದೇ ಹುಡುಗಿ ಕಾಲೇಜು ಸೇರುವ ವಿಚಾರದಲ್ಲಿ, ನಿಕಾಹಿನ ವಿಚಾರದಲ್ಲಿ ತನ್ನ ಆಯ್ಕೆ ಹೇಳಿದಾಗ ಮೊಹಲ್ಲಾದ ಹಿರಿಯರು ಕಿವಿಗೊಡುತ್ತಾರೆಯೇ? ಭಿನ್ನ ಮಾತಾಡಿದ ಕುಟುಂಬವನ್ನು ಜಮಾಅತ್‌ನಿಂದ ದೂರವಿಡುವವರು ಸರಕಾರದ ಬಲಾತ್ಕಾರವನ್ನು ಯಾವ ಮುಖದಿಂದ ಖಂಡಿಸುವುದು? ಮನೆಯೊಳಗೆ ನ್ಯಾಯ ಮಾಡುವವನ ಧ್ವನಿಗೆ ಮಾತ್ರ ಬೀದಿಯಲ್ಲಿ ಬೆಲೆಯಿರುತ್ತದೆ.

ಮುಂದಿನ ಸಲ ಮತ ಕೇಳಲು ಯಾರೇ ಬರಲಿ, ಯಾವ ಪಕ್ಷದವರೇ ಆಗಿರಲಿ, ಶಾದಿಮಹಲಿಗೆ ಎಷ್ಟು ಅನುದಾನ ಕೊಡುತ್ತೀರಿ ಎಂದು ಕೇಳುವ ಮೊದಲು ಇನ್ನೊಂದನ್ನು ಕೇಳೋಣ: ನಾಗರಿಕರ ಮನೆ, ಅಡುಗೆಮನೆ, ಆರಾಧನೆಗಳೊಳಗೆ ಪೊಲೀಸರನ್ನು ಕಳಿಸುವ ಮಸೂದೆ ಬಂದರೆ ನೀವು ಮತ ವಿಭಜನೆ ಕೇಳುತ್ತೀರಾ? ನಿಮ್ಮ ಹೆಸರು ಯಾವ ಕಡೆ ದಾಖಲಾಗುತ್ತದೆ? ಉತ್ತರವನ್ನು ಬರೆದಿಟ್ಟುಕೊಳ್ಳೋಣ. ಐದು ವರ್ಷಗಳ ಬಳಿಕ ಅವರು ಮತ್ತೆ ಬರುತ್ತಾರೆ.