ಬಾರ್ಸಿಲೋನಾ ಫ್ಲ್ಯಾಟ್ ಲಿಂಕ್ ಕಳಿಸಲ್ಲ, ಕೇಳಬೇಡಿ

(1/7)
ಹದಿನೇಳು ಜನ. ಸ್ಟೋರಿ ಹಾಕಿದ ಎರಡೇ ದಿನದಲ್ಲಿ ಹದಿನೇಳು ಜನ ಮೆಸೇಜ್ ಮಾಡಿದ್ದೀರ. "ಪ್ಲ್ಯಾನ್ ಕಳ್ಸು", "ಅಷ್ಟು ಕಮ್ಮೀಲಿ ಹೆಂಗೆ ಮುಗಿಸಿದ್ರಿ?", "ಆ ಬಾಲ್ಕನಿ ಇರೋ ಫ್ಲ್ಯಾಟ್ ಲಿಂಕ್ ಕೊಡು ಮಗಾ".

ಪ್ಲ್ಯಾನ್ ಕೊಡ್ತೀನಿ. ಫ್ಲ್ಯಾಟ್ ಲಿಂಕ್ ಕೊಡಲ್ಲ. ಯಾಕೆ ಅಂತ ಹೇಳೋಕೆ ಒಂದು ಕ್ಯಾಪ್ಷನ್ ಸಾಲಲ್ಲ, ಅದಕ್ಕೇ ಏಳು. ಬರೀ ಫೋಟೋ ನೋಡೋರು ಸ್ವೈಪ್ ಮಾಡ್ಕೊಂಡು ಹೋಗಿ, ಬೇಜಾರಿಲ್ಲ. ಆದ್ರೆ ಓದದೇ ಮತ್ತೆ ಲಿಂಕ್ ಕೇಳಿದ್ರೆ ಉತ್ತರ ಬರಲ್ಲ.

(2/7)
ಸೆಮಿಸ್ಟರ್ ರಜೆ. ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡ್ತಿರೋ ಐದು ಜನ: ಒಬ್ಬ ಹಾಸನದವನು, ಒಬ್ಬಳು ಶಿವಮೊಗ್ಗದವಳು, ಇಬ್ಬರು ಬೆಂಗಳೂರು, ಮೈಸೂರಿನ ನಾನು. ಗ್ರಾಸಿಯಾ ಅನ್ನೋ ಬಡಾವಣೆಯಲ್ಲಿ ಫ್ಲ್ಯಾಟ್ ಸಿಕ್ತು, ಒಬ್ಬರಿಗೆ ರಾತ್ರಿಗೆ 19 ಯೂರೋ. ಹಾಸ್ಟೆಲ್‌ನಲ್ಲಿ 34 ಇತ್ತು. ನಾವು ಕುಣಿದಾಡಿಬಿಟ್ವಿ.

ಬುಕ್ ಆದ ಮೇಲೆ ಮಾಲೀಕನಿಂದ ಒಂದು ಮೆಸೇಜ್ ಬಂತು. "ಕಟ್ಟಡದಲ್ಲಿ ಯಾರಾದ್ರೂ ಕೇಳಿದ್ರೆ ನನ್ನ ಸ್ನೇಹಿತರು ಅಂತ ಹೇಳಿ." ಅಲ್ಲೇ ಗೊತ್ತಾಗಬೇಕಿತ್ತು. ಗೊತ್ತಾಯ್ತು ಕೂಡ, ಸುಳ್ಳು ಯಾಕೆ ಹೇಳ್ಲಿ. ಐದು ಜನಕ್ಕೂ ಗೊತ್ತಾಯ್ತು, ಐದು ಜನವೂ ಥಂಬ್ಸ್ ಅಪ್ ಹಾಕಿದ್ವಿ.

ರಾತ್ರಿ ಒಂದೂವರೆಗೆ ತಲುಪಿದ್ವಿ. ಲಿಫ್ಟ್ ಇಲ್ಲ. ನಾಲ್ಕನೇ ಮಹಡಿಗೆ ಐದು ಸೂಟ್‌ಕೇಸ್, ಪ್ರತಿ ಮೆಟ್ಟಿಲಿಗೂ ಧಡ್ ಧಡ್. ಮೂರನೇ ಮಹಡಿಯಲ್ಲಿ ಒಂದು ಬಾಗಿಲು ತೆರೆಯಿತು. ನೈಟಿ ಹಾಕ್ಕೊಂಡ ಒಬ್ಬ ಅಜ್ಜಿ. ಏನೋ ಹೇಳಿದ್ರು, ನಮಗೆ ಅರ್ಥ ಆಗಲಿಲ್ಲ. ಎರಡೂ ಅಂಗೈ ಜೋಡಿಸಿ ಕೆನ್ನೆಗೆ ಇಟ್ಟು ತೋರಿಸಿದ್ರು, ಮಲಗಬೇಕು ಅಂತ. ನಮ್ಮಲ್ಲೊಬ್ಬರು "ಫ್ರೆಂಡ್ಸ್, ಫ್ರೆಂಡ್ಸ್" ಅಂದು ಮೇಲೆ ಕೈ ತೋರಿಸಿದ್ವಿ. ಅಜ್ಜಿ ನಕ್ಕರು. ನಂಬಿ ನಕ್ಕಿದ್ದಲ್ಲ ಅದು.

ಬೆಳಗ್ಗೆ ನಮ್ಮ ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು. ಫೋನ್ ಹಿಡಿದು ಅನುವಾದ ಮಾಡಿದ್ವಿ: "ದಯವಿಟ್ಟು, ಇಲ್ಲಿ ಜನ ವಾಸ ಮಾಡ್ತಾರೆ. ಸೂಟ್‌ಕೇಸ್ ಎತ್ತಿಕೊಂಡು ಹೋಗಿ." ಬೈಗುಳ ಇಲ್ಲ, ಏನಿಲ್ಲ. ಬೈದಿದ್ರೆ ವಾಸಿ ಇತ್ತು.

(3/7)
ಈಗ ಲೆಕ್ಕಕ್ಕೆ ಬನ್ನಿ. ಬಾರ್ಸಿಲೋನಾದಲ್ಲಿ ಪ್ರವಾಸಿಗರಿಗೆ ಫ್ಲ್ಯಾಟ್ ಕೊಡಬೇಕು ಅಂದ್ರೆ ಪರವಾನಗಿ ಬೇಕು. ಆ ನಂಬರ್ ಎಚ್‌ಯುಟಿಬಿ ಅಂತ ಶುರುವಾಗುತ್ತೆ, ಜಾಹೀರಾತಲ್ಲೇ ಇರಬೇಕು. ನಮ್ಮ ಫ್ಲ್ಯಾಟಿಗೆ ಅದು ಇರಲಿಲ್ಲ. 2024ರ ಜೂನ್‌ನಲ್ಲಿ ಅಲ್ಲಿಯ ಮೇಯರ್ ಜೌಮ ಕೊಲ್ಬೋನಿ, ಪರವಾನಗಿ ಇರೋ 10,101 ಫ್ಲ್ಯಾಟುಗಳಿಗೂ 2028ರ ನವೆಂಬರ್ ಹೊತ್ತಿಗೆ ಪರವಾನಗಿ ಇರಲ್ಲ ಅಂತ ಘೋಷಿಸಿದ್ರು. ಹತ್ತು ವರ್ಷದಲ್ಲಿ ಬಾಡಿಗೆ ಶೇ. 68 ಏರಿದೆ ಅನ್ನೋದು ಅವರು ಕೊಟ್ಟ ಕಾರಣ. ಅದರ ಮುಂದಿನ ತಿಂಗಳು, ಜುಲೈ 6ಕ್ಕೆ, ಸಾವಿರಾರು ಜನ ಬೀದಿಗಿಳಿದರು. ಹೋಟೆಲ್ ಮುಂದೆ ಕೂತು ತಿನ್ನುತ್ತಿದ್ದ ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿಂದ ನೀರು ಹಾರಿಸಿದ ವಿಡಿಯೋ ನೆನಪಿದೆಯಾ? ನಮ್ಮ ಗ್ರೂಪಲ್ಲಿ ಅದನ್ನ ಮೀಮ್ ಮಾಡಿದ್ದು ನಾನೇ.

"ಪ್ರವಾಸಿಗರಿಂದಲೇ ತಾನೇ ಅವರ ಹೊಟ್ಟೆ ತುಂಬೋದು?" ಅಂತೀರ, ಗೊತ್ತು. ತುಂಬುತ್ತೆ, ಇಲ್ಲ ಅಂತಿಲ್ಲ. ಆದ್ರೆ ನಮಗೆ ಕಾಫಿ ತಂದುಕೊಟ್ಟ ಹುಡುಗ ದಿನಾ ಊರಾಚೆಯಿಂದ ರೈಲಲ್ಲಿ ಬರ್ತಾನೆ. ಊರೊಳಗೆ ಬಾಡಿಗೆ ಕೊಡೋಕೆ ಆಗಲ್ವಂತೆ. ಅವನು ಇರಬೇಕಾದ ಫ್ಲ್ಯಾಟಲ್ಲಿ ನಾವು ಇದ್ವಿ, ಸ್ನೇಹಿತರು ಅಂತ ಹೇಳ್ಕೊಂಡು.

(4/7)
ಹಾಸನದವನಿಗೂ ನನಗೂ ಇದೇ ವಿಷಯಕ್ಕೆ ಜಗಳ ಆಯ್ತು, ಇವತ್ತಿಗೂ ಸರಿಯಾಗಿ ಮಾತಿಲ್ಲ. ಅವನ ಮಾತು ಇದು: "ನಾವೇನು ಶ್ರೀಮಂತರಾ? ವಾರಾಂತ್ಯ ಗೋಡೌನಲ್ಲಿ ಪೆಟ್ಟಿಗೆ ಎತ್ತಿ ಕೂಡಿಟ್ಟ ದುಡ್ಡು. ದೊಡ್ಡ ದೊಡ್ಡ ಕಂಪನಿಗಳನ್ನ ಬಿಟ್ಟು ನಮ್ಮಂಥ ಸ್ಟೂಡೆಂಟ್ಸ್ ಮೇಲೆ ಯಾಕೆ?"

ಅವನ ಮಾತಲ್ಲಿ ಸತ್ಯ ಇದೆ, ಅದಕ್ಕೇ ಉತ್ತರ ಕೊಡೋದು ಕಷ್ಟ. ಆದ್ರೆ ಇದೇ ಹುಡುಗ ಜರ್ಮನಿಗೆ ಬಂದಾಗ ರೂಮ್ ಸಿಗದೆ ಮೂರು ತಿಂಗಳು ನನ್ನ ಅಡುಗೆಮನೆ ನೆಲದ ಮೇಲೆ ಮಲಗಿದ್ದ. ಎಷ್ಟು ಮಾಲೀಕರಿಗೆ ಮೇಲ್ ಹಾಕಿದ, ಎಷ್ಟು ಜನ ಉತ್ತರವನ್ನೇ ಕೊಡಲಿಲ್ಲ ಅನ್ನೋದು ಅವನಿಗೇ ಲೆಕ್ಕ ಇಲ್ಲ. ಮನೆ ಸಿಗದಿದ್ರೆ ಹೆಂಗಿರುತ್ತೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾವು ಉಳಿಸಿದ್ದು ತಲೆಗೆ 60 ಯೂರೋ. ಅದರಲ್ಲಿ 40 ಲಾ ರಾಂಬ್ಲಾ ಬೀದಿಯಲ್ಲಿ ತಣ್ಣಗಿದ್ದ ಪಾಯೆಯಾಗೆ ಕೊಟ್ವಿ. (ಪಾಯೆಯಾ ಆ ಊರಿಂದೇ ಅಲ್ಲ ಕಣ್ರೋ, ವೆಲೆನ್ಸಿಯಾದ್ದು. ಟೊಮ್ಯಾಟೊ ಉಜ್ಜಿ ಎಣ್ಣೆ ಹಾಕಿದ ಬ್ರೆಡ್ ತಿನ್ನಿ, ಅದು ಅವರದ್ದು, ಅಗ್ಗ, ರುಚಿ.)

(5/7)
ಈ ಸ್ಲೈಡ್‌ನಲ್ಲಿ ಫೋಟೋ ಇಲ್ಲ, ಬರೀ ಬೂದು ಬಣ್ಣ. ಬೇಕಂತಲೇ.

ಗೋಥಿಕ್ ಬಡಾವಣೆಯ ಒಳಗೆ ಸಾಂತ್ ಫೆಲಿಪ್ ನೇರಿ ಅಂತ ಒಂದು ಪುಟ್ಟ ಚೌಕ ಇದೆ. ನಡುವೆ ಕಾರಂಜಿ, ಪಕ್ಕದಲ್ಲಿ ಚರ್ಚ್. ಚರ್ಚಿನ ಗೋಡೆ ತುಂಬ ಗುಳಿಗಳು. ಬೆಳಕು ಬಿದ್ದರೆ ಸಖತ್ ಟೆಕ್ಸ್ಚರ್. ನಮಗಿಂತ ಮುಂದೆ ನಾಲ್ಕೈದು ಜನ ಕ್ಯೂನಲ್ಲಿ ನಿಂತಿದ್ರು. ನಾನೂ ಗೋಡೆಗೆ ಒರಗಿ, ಒಂದು ಗುಳಿಯಲ್ಲಿ ಬೆರಳಿಟ್ಟು, ಕನ್ನಡಕ ಇಳಿಸಿ ಪೋಸ್ ಕೊಟ್ಟೆ. 212 ಲೈಕ್ ಬಂತು.

ಆಮೇಲೆ ಶಿವಮೊಗ್ಗದವಳು ಅಲ್ಲಿದ್ದ ಫಲಕ ಓದಿದ್ಲು. 1938ರ ಜನವರಿ 30. ಅಂತರ್ಯುದ್ಧದ ಕಾಲ. ಫ್ರಾಂಕೋ ಪರ ವಿಮಾನಗಳು ಇಲ್ಲಿ ಬಾಂಬ್ ಹಾಕಿದವು. 42 ಜನ ಸತ್ತರು, ಹೆಚ್ಚಿನವರು ಮಕ್ಕಳು. ಚರ್ಚಿನ ನೆಲಮಾಳಿಗೆಯಲ್ಲಿ ಅಡಗಿ ಕೂತಿದ್ದ ಮಕ್ಕಳು. ಆ ಗುಳಿಗಳು ಬಾಂಬ್ ಚೂರು ಬಡಿದ ಗುರುತು.

ಇದೇ ಚರ್ಚಿಗೆ ಪ್ರಾರ್ಥನೆಗೆ ಅಂತ ನಡೆದು ಬರ್ತಿದ್ದಾಗಲೇ 1926ರ ಜೂನ್ 7ಕ್ಕೆ ಗೌದಿಗೆ ಟ್ರಾಮ್ ಬಡಿದದ್ದು. ಬಟ್ಟೆ ನೋಡಿ ಭಿಕ್ಷುಕ ಅಂದ್ಕೊಂಡ್ರು, ಮೂರು ದಿನಕ್ಕೆ ತೀರಿಹೋದ್ರು. ಅವರ ಸಗ್ರಾದಾ ಫಮಿಲಿಯಾ ಮುಂದೆ ನಾವು ಐವತ್ತು ಫೋಟೋ ತೆಗೆದಿದ್ವಿ. ಅವರು ಎಲ್ಲಿಗೆ ಹೊರಟಿದ್ರು ಅಂತ ಒಬ್ಬರಿಗೂ ಗೊತ್ತಿರಲಿಲ್ಲ.

ನಾವು ಅಲ್ಲಿ ನಿಂತಿರುವಾಗಲೇ ಶಾಲೆ ಮಕ್ಕಳು ಹೊರಗೆ ಬಂದು ಚೆಂಡಾಟ ಶುರು ಮಾಡಿದ್ರು. ಆ ಚೌಕವೇ ಅವರ ಆಟದ ಬಯಲು. ಚೆಂಡು ಬಂದು ನನ್ನ ಟ್ರೈಪಾಡಿಗೆ ಬಡಿಯಿತು. ಒಬ್ಬ ಪುಟ್ಟ ಹುಡುಗ ನನ್ನನ್ನ ನೋಡಿದ, ನಾನೇ ಅಡ್ಡ ಇದ್ದೀನಿ ಅನ್ನೋ ಥರ. ಹೌದು, ಇದ್ದೆ.

ಅದಕ್ಕೇ ಆ ಫೋಟೋ ತೆಗೆದೆ. ಸ್ಕ್ರೀನ್‌ಶಾಟ್ ಇಟ್ಕೊಂಡಿರೋರು ಅಳಿಸಿಬಿಡಿ, ಪ್ಲೀಸ್.

(6/7)
ಭಾಷೆ ವಿಷಯ. ಇದು ನಮ್ಮ ಕ್ಲಾಸಿನ ಕನ್ನಡ ಹುಲಿಗಳಿಗೆ, ನನ್ನನ್ನೂ ಸೇರಿಸಿ. "ಬೆಂಗಳೂರಿಗೆ ಬಂದು ಹತ್ತು ವರ್ಷ ಆದ್ರೂ ಕನ್ನಡ ಬರಲ್ಲ" ಅನ್ನೋ ರೀಲ್ ನಾವು ಎಷ್ಟು ಸಲ ಶೇರ್ ಮಾಡಿಲ್ಲ? ಸರಿಯಾಗೇ ಮಾಡಿದ್ದೀವಿ. ಆದ್ರೆ ಬಾರ್ಸಿಲೋನಾದಲ್ಲಿ ನಾಲ್ಕು ದಿನ ಸ್ಪ್ಯಾನಿಷ್ ಆ್ಯಪಿಂದ ಕಲಿತ ಎರಡು ಪದ ಒದರಿಕೊಂಡು ಓಡಾಡಿದ್ವಿ. ಅದು ಕೆಟಲಾನ್ ಊರು. ಬೀದಿ ಹೆಸರು, ಮೆಟ್ರೋ ಘೋಷಣೆ, ಶಾಲೆ ಎಲ್ಲ ಕೆಟಲಾನ್. ಫ್ರಾಂಕೋ ಆಳಿದ ಕಾಲದಲ್ಲಿ, 1939ರಿಂದ 1975ರವರೆಗೆ, ಅದನ್ನ ಶಾಲೆಯಿಂದ, ಕಚೇರಿಯಿಂದ ಹೊರಗಿಟ್ಟಿದ್ರು. ಮೂರನೇ ಮಹಡಿ ಅಜ್ಜಿ ಶಾಲೆಗೆ ಹೋಗಿದ್ದು ಆ ಕಾಲದಲ್ಲೇ ಇರಬೇಕು.

ಕಲಿಯೋಕೆ ಎಷ್ಟು ಹೊತ್ತು? ಬೆಳಗ್ಗೆ "ಬೋನ್ ದಿಯಾ". ದಯವಿಟ್ಟು ಅನ್ನೋಕೆ "ಸಿಸ್‌ಪ್ಲಾವ್". ಥ್ಯಾಂಕ್ಸ್ ಅಂತೂ ಸ್ಪ್ಯಾನಿಷ್‌ಗೂ ಕೆಟಲಾನ್‌ಗೂ ಅರ್ಧ ಸ್ವರ ವ್ಯತ್ಯಾಸ. ಕೊನೆಯ ದಿನ ಬೇಕರಿಯಲ್ಲಿ "ಬೋನ್ ದಿಯಾ" ಅಂದೆ. ಅಂಗಡಿಯಾಕೆ ತಲೆ ಎತ್ತಿ, ನನ್ನ ಉಚ್ಚಾರಣೆ ತಿದ್ದಿ, ಇನ್ನೊಂದು ಸಲ ಹೇಳಿಸಿದ್ರು. ನಮ್ಮ ಆಟೋದವರು "ಎಲ್ಲಿಗೆ" ಅಂತ ಕನ್ನಡದಲ್ಲಿ ಕೇಳಿದವರ ಹತ್ರ ಮುಖ ಅರಳಿಸ್ತಾರಲ್ಲ, ಥೇಟ್ ಹಂಗೇ.

(7/7)
ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಹೋಗಿ. ಸಮುದ್ರ ಚೆನ್ನಾಗಿದೆ, ಊರು ಚೆನ್ನಾಗಿದೆ, ನಾನೂ ಮತ್ತೆ ಹೋಗ್ತೀನಿ. ಕೇಳಿದ ಪ್ಲ್ಯಾನ್ ಇಲ್ಲಿದೆ.

ಪಾರ್ಕ್ ಗುಯೆಲ್‌ಗೆ ಟಿಕೆಟ್ ಮೊದಲೇ ತಗೊಳ್ಳಿ, ಮೆಟ್ರೋ ಇಳಿದು ನಡೀರಿ. 116 ಅನ್ನೋ ಪುಟ್ಟ ಬಸ್ ಹತ್ತಬೇಡಿ. ಪ್ರವಾಸಿಗರೇ ತುಂಬಿ, ದಿನಸಿ ಚೀಲ ಹಿಡಿದ ಮುದುಕರಿಗೆ ಜಾಗ ಸಿಗದೆ, 2024ರಲ್ಲಿ ಆ ಮಾರ್ಗವನ್ನೇ ಗೂಗಲ್ ಮ್ಯಾಪಿಂದ ತೆಗೆಸಿದ್ರು. ಯಾವ ರೀಲಾದ್ರೂ ಅದನ್ನ "ಹ್ಯಾಕ್" ಅಂತ ಹೇಳಿಕೊಟ್ರೆ ಅವರನ್ನ ಅನ್‌ಫಾಲೋ ಮಾಡಿ.

ಸನ್‌ಸೆಟ್‌ಗೆ "ಬಂಕರ್ಸ್" ಅಂತ ಎಲ್ಲರೂ ಹೇಳ್ತಾರೆ. ಅದು ಬಂಕರ್ ಅಲ್ಲ, ಅಂತರ್ಯುದ್ಧದಲ್ಲಿ ವಿಮಾನ ಹೊಡೆಯೋಕೆ ಇಟ್ಟ ಫಿರಂಗಿ ಜಾಗ. ಆಮೇಲೆ ಸುಮಾರು 1990ರವರೆಗೂ ಅಲ್ಲಿ ಬಡವರ ಜೋಪಡಿಗಳಿದ್ವು. ರಾತ್ರಿ ಪಾರ್ಟಿ ತಡೆಯೋಕಾಗದೆ 2023ರಲ್ಲಿ ಬೇಲಿ ಹಾಕಿದ್ರು. ಹಗಲು ಹೋಗಿ, ಗೇಟ್ ಹಾಕೋ ಮೊದಲು ಇಳೀರಿ, ಬೇಲಿ ಹಾರಬೇಡಿ. ನಾವು ಹಾರಲಿಲ್ಲ. ಹಾರಬೇಕು ಅಂತ ಇಬ್ಬರಿಗಿತ್ತು.

ಉಳಿಯೋಕೆ ಹಾಸ್ಟೆಲ್ ನೋಡಿ. ದುಡ್ಡು ಸಾಲದಿದ್ರೆ ಒಂದು ದಿನ ಕಮ್ಮಿ ಮಾಡಿ. ಫ್ಲ್ಯಾಟೇ ಬೇಕು ಅಂದ್ರೆ ಎಚ್‌ಯುಟಿಬಿ ನಂಬರ್ ಇದೆಯಾ ನೋಡಿ. "ಸ್ನೇಹಿತರು ಅಂತ ಹೇಳಿ" ಅಂತ ಮೆಸೇಜ್ ಬಂದ್ರೆ ಕ್ಯಾನ್ಸಲ್ ಮಾಡಿ, ನಮ್ಮ ಥರ ಥಂಬ್ಸ್ ಅಪ್ ಹಾಕಬೇಡಿ.

ಹೊರಡೋ ದಿನ ಬೆಳಗ್ಗೆ ಐದಕ್ಕೆ ಸೂಟ್‌ಕೇಸ್ ತಲೆ ಮೇಲೆ ಹೊತ್ತು ಇಳಿದ್ವಿ. ಮೂರನೇ ಮಹಡಿಯಲ್ಲಿ ಚಪ್ಪಲಿ ಕೂಡ ಕೈಯಲ್ಲಿ ಹಿಡ್ಕೊಂಡ್ವಿ. ಬಾಗಿಲು ತೆರೆಯಲಿಲ್ಲ. ಅನುವಾದ ಮಾಡಿ ಬರೆದ ಕ್ಷಮಾಪಣೆ ಚೀಟಿ ನನ್ನ ಜೇಬಲ್ಲಿತ್ತು. ಬಾಗಿಲ ಕೆಳಗೆ ತೂರಿಸೋಕೆ ಧೈರ್ಯ ಬರಲಿಲ್ಲ, ಈಗಲೂ ನನ್ನ ಪರ್ಸಲ್ಲೇ ಇದೆ.

ಹಾಸನದವನೇ, ನೀನು ಇದನ್ನ ಓದ್ತೀಯ ಅಂತ ಗೊತ್ತು. ಫೋನ್ ಮಾಡು.