"ಬಾಡಿ ಇದೆ, ತಲೆ ಇಲ್ಲ" ಅನ್ನೋರಿಗೆ



ಇವತ್ತಿನ ಪೋಸ್ಟು ಸ್ವಲ್ಪ ಉದ್ದ. ವಿಷಯ ಅಮೆರಿಕದ ಬ್ಯಾಸ್ಕೆಟ್‌ಬಾಲ್. "ಬಡ್ತಿ ಮೀಸಲಾತಿ, ಬ್ಯಾಕ್‌ಲಾಗ್ ಹುದ್ದೆ ಅಂತ ಬರೀತಿದ್ದೋನು ಚೆಂಡಾಟಕ್ಕೆ ಇಳಿದನಲ್ಲ" ಅಂತ ನಗಬೇಡಿ. ಬುದ್ಧಿ ಬಂದಾಗಿನಿಂದ ನಮ್ಮ ಕಿವಿಗೆ ಬೀಳ್ತಾ ಇರೋ "ಮೆರಿಟ್" ಅನ್ನೋ ಪದದ ಬಂಡವಾಳ ನನಗೆ ಪೂರ್ತಿ ಗೊತ್ತಾಗಿದ್ದು ಈ ಆಟದಿಂದ.

ನಮ್ಮಕ್ಕನ ಮಗ ಬ್ಯಾಸ್ಕೆಟ್‌ಬಾಲ್ ಆಡ್ತಾನೆ. ಪಿಯುಸಿ ಹುಡುಗ. ಹೋದ ವರ್ಷ ಒಂದು ತಂಡದ ಆಯ್ಕೆಗೆ ಹೋಗಿದ್ದ. ಯಾವ ತಂಡ, ಯಾವ ಊರು ಅನ್ನೋದು ಬೇಡ. ಎಂಟು ಹತ್ತು ನಿಮಿಷ ಆಡಿಸಿ ನೋಡಿದ ಸಾಹೇಬರು ಹೇಳಿದ ಮಾತು ಇದು: "ಬಾಡಿ ಚೆನ್ನಾಗಿದೆ ಕಣಯ್ಯಾ, ಗೇಮ್ ಸೆನ್ಸ್ ಇಲ್ಲ." ಹುಡುಗ ಮನೆಗೆ ಬಂದು ಶೂ ಬಿಚ್ಚದೆ ಕೂತ್ಕೊಂಡು ನನ್ನ ಕೇಳಿದ, "ಮಾವ, ಗೇಮ್ ಸೆನ್ಸ್ ಎಷ್ಟು ಮಾರ್ಕ್ಸಿಗೆ? ಹೆಂಗೆ ಅಳೀತಾರೆ?" ಇಪ್ಪತ್ತು ವರ್ಷದಿಂದ ಆಫೀಸಲ್ಲಿ ಫೈಲು ನೋಡ್ತಿರೋ ನನ್ನ ಹತ್ರ ಉತ್ತರ ಇರಲಿಲ್ಲ.

2025ರ ಜೂನ್ 26ರ ಬೆಳಗ್ಗೆ ಐದೂವರೆಗೆ ಅವನು ಎದ್ದು ಮೊಬೈಲ್ ಹಿಡ್ಕೊಂಡು ಕೂತ. ಎನ್‌ಬಿಎ ಡ್ರಾಫ್ಟು. ಅಂದ್ರೆ ಅಮೆರಿಕದ ವೃತ್ತಿಪರ ತಂಡಗಳು ಕಾಲೇಜು ಹುಡುಗರನ್ನ, ಹೊರದೇಶದ ಹುಡುಗರನ್ನ ಸರದಿ ಪ್ರಕಾರ ಆರಿಸ್ಕೊಳ್ಳೋ ದಿನ. ನಾನೂ ಪಕ್ಕ ಕೂತೆ. ಆಮೇಲೆ ಬಿಡದೆ ಓದಿದೆ. ಓದಿದ್ದನ್ನ ನಿಮ್ಮ ಮುಂದೆ ಇಡ್ತಿದೀನಿ.

ಮೊದಲು ವ್ಯವಸ್ಥೆ ನೋಡಿ. ಲೀಗಿನಲ್ಲಿ 30 ತಂಡ. ಎರಡು ಸುತ್ತು, ಹೆಚ್ಚೆಂದರೆ 60 ಆಯ್ಕೆ. ಆ ಕಡೆ ಮೊದಲ ದರ್ಜೆಯ ಕಾಲೇಜು ತಂಡಗಳೇ 350ಕ್ಕಿಂತ ಹೆಚ್ಚು. ತಂಡಕ್ಕೆ 13 ಹುಡುಗರು ಅಂತ ಹಿಡಿದರೂ ನಾಲ್ಕೂವರೆ ಸಾವಿರ ದಾಟುತ್ತೆ. ಹಾಗಾದರೆ ಮೊದಲು ಆರಿಸೋ ಹಕ್ಕು ಯಾರಿಗೆ? ಗೆದ್ದ ತಂಡಕ್ಕಲ್ಲ. ಹಿಂದಿನ ಸೀಸನ್ನಿನಲ್ಲಿ ಹಿಂದೆ ಬಿದ್ದ ತಂಡಗಳಿಗೆ! ಪ್ಲೇಆಫ್‌ಗೆ ಬಾರದ 14 ತಂಡಗಳ ನಡುವೆ 2025ರಲ್ಲಿ ಲಾಟರಿ ನಡೀತು. ತೀರಾ ಕೊನೆಯ ಮೂರು ತಂಡಗಳಿಗೆ ತಲಾ ಶೇ. 14ರಷ್ಟು ಅವಕಾಶ ಇತ್ತು. ಮೇಲೆ ಹೋದ ಹಾಗೆ ಕಡಿಮೆ ಆಗ್ತಿತ್ತು. 2025ರಲ್ಲಿ ಶೇ. 1.8ರಷ್ಟೇ ಅವಕಾಶ ಇದ್ದ ಡಲ್ಲಾಸ್‌ಗೆ ಅದೃಷ್ಟ ಹೊಡೀತು, ಡ್ಯೂಕ್ ಕಾಲೇಜಿನ ಕೂಪರ್ ಫ್ಲ್ಯಾಗ್ ಅನ್ನೋ ಹುಡುಗನನ್ನ ತಗೊಂಡರು. ಅದಿರಲಿ. ಪ್ರಪಂಚದ ಪಕ್ಕಾ ವ್ಯಾಪಾರಿಗಳು ನಡೆಸೋ ಲೀಗು, ಹಿಂದುಳಿದವನಿಗೆ ಮೊದಲು ಕೈ ಹಾಕೋಕೆ ಬಿಡದಿದ್ದರೆ ಆಟವೇ ಸತ್ತು ಹೋಗುತ್ತೆ ಅಂತ ಒಪ್ಪಿಕೊಂಡಿದೆ. ಅಲ್ಲಿ ಯಾರೂ "ಅಯ್ಯೋ, ಗುಣಮಟ್ಟ ಹಾಳಾಯ್ತು" ಅಂತ ಬೀದಿಗೆ ಇಳಿಯೋದಿಲ್ಲ. ತಂಡಕ್ಕೆ ಕೊಟ್ಟರೆ ಅದು ಸಮತೋಲನ, ನಮ್ಮ ಮಕ್ಕಳಿಗೆ ಕೊಟ್ಟರೆ ಮಾತ್ರ ಮೆರಿಟ್ ಕೊಲೆ!

ಇನ್ನು ಹುಡುಗರನ್ನ ನೋಡೋ ವಿಧಾನ. ಡ್ರಾಫ್ಟಿಗೆ ಮುಂಚೆ ಒಂದು ಶಿಬಿರ ಇರುತ್ತೆ, ಕಂಬೈನ್ ಅಂತಾರೆ. ಶೂ ಬಿಚ್ಚಿಸಿ ಎತ್ತರ ಅಳೀತಾರೆ. ಎರಡೂ ತೋಳು ಚಾಚಿಸಿ ಈ ತುದಿಯಿಂದ ಆ ತುದಿ ಅಳೀತಾರೆ. ಅಂಗೈ ಅಗಲ, ಕೈ ಎತ್ತಿದರೆ ಎಲ್ಲಿ ಮುಟ್ಟುತ್ತೆ, ಎಷ್ಟು ಮೇಲೆ ನೆಗೀತಾನೆ, ಎಷ್ಟು ಸೆಕೆಂಡಿಗೆ ಓಡ್ತಾನೆ, ಎಲ್ಲಾ ಬರ್ಕೋತಾರೆ. ಅಳೆಸಿಕೊಳ್ಳೋರಲ್ಲಿ ಬಹುಪಾಲು ಕಪ್ಪು ಹುಡುಗರು, ಕೊಳ್ಳೋ ಮಾಲೀಕರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಬಿಳಿಯರು. ಮೈಕಲ್ ಜೋರ್ಡಾನ್ 2023ರಲ್ಲಿ ತನ್ನ ತಂಡದ ದೊಡ್ಡ ಪಾಲು ಮಾರಿದ್ದು ಯಾಕೆ ಸುದ್ದಿ ಆಯ್ತು ಅಂದ್ರೆ, ಬಹುಪಾಲು ಒಡೆತನ ಇದ್ದ ಕಪ್ಪು ಮಾಲೀಕ ಆಗ ಅವರೊಬ್ಬರೇ. ವಿಲಿಯಂ ರೋಡನ್ ಅನ್ನೋ ಕಪ್ಪು ಪತ್ರಕರ್ತರು 2006ರಲ್ಲಿ ಬರೆದ ಪುಸ್ತಕದ ಹೆಸರೇ "ಫಾರ್ಟಿ ಮಿಲಿಯನ್ ಡಾಲರ್ ಸ್ಲೇವ್ಸ್". ನಾಲ್ಕು ಕೋಟಿ ಡಾಲರಿನ ಗುಲಾಮರು.

"ಅಳತೆಯಲ್ಲಿ ತಪ್ಪೇನಿದೆ? ಟೇಪಿಗೆ ಜಾತಿ ಇದೆಯಾ?" ಅಂತ ಕೇಳಬಹುದು. ಸರಿ. ಟೇಪಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಅಳತೆಯಾದರೂ ಏನು ಹೇಳ್ತು? 2007ರಲ್ಲಿ ಟೆಕ್ಸಾಸ್ ಕಾಲೇಜಿನ ಕೆವಿನ್ ಡುರಾಂಟ್ 185 ಪೌಂಡ್, ಅಂದ್ರೆ 84 ಕೆ.ಜಿ. ಭಾರವನ್ನ ಮಲಗಿ ಎತ್ತೋ ಪರೀಕ್ಷೆಯಲ್ಲಿ ಒಂದು ಸಲವೂ ಎತ್ತಲಿಲ್ಲ. ಸೊನ್ನೆ. ಆಮೇಲೆ ಅದೇ ಸೊನ್ನೆ ಮಾರ್ಕ್ಸಿನ ಮನುಷ್ಯ ಲೀಗಿನ ಶ್ರೇಷ್ಠ ಆಟಗಾರ ಆದ, ನಾಲ್ಕು ಒಲಿಂಪಿಕ್ ಚಿನ್ನ ಗೆದ್ದ. ಡೇವಿಡ್ಸನ್ ಅನ್ನೋ ಸಣ್ಣ ಕಾಲೇಜಿನ ಸ್ಟೀಫನ್ ಕರಿ ಮೈಕಟ್ಟು ಸಾಲದು ಅನ್ನಿಸ್ಕೊಂಡವನು. 2009ರಲ್ಲಿ ಅವನಿಗಿಂತ ಮುಂಚೆ ಆರು ಜನ ಆಯ್ಕೆಯಾದರು. ಇವತ್ತು ಆ ಆರೂ ಹೆಸರು ಹೇಳಿ ನೋಡೋಣ.

ಟೇಪಿಗಿಂತ ಅಪಾಯ ಪದಗಳದ್ದು. ಆಟಗಾರರನ್ನ ನೋಡಿ ವರದಿ ಬರೆಯೋ ಸ್ಕೌಟುಗಳಿಗೆ ಅವರದೇ ಭಾಷೆ ಇದೆ. ಕಪ್ಪು ಹುಡುಗ "ರಾ", ಅಂದ್ರೆ ಇನ್ನೂ ಕಚ್ಚಾ. ಅವನ "ಮೋಟರ್" ಚೆನ್ನಾಗಿದೆ. ಮನುಷ್ಯನಿಗೆ ಮೋಟರ್, ಪಂಪ್‌ಸೆಟ್ ಥರ! ಬಿಳಿ ಹುಡುಗನಾದರೆ "ಬ್ಯಾಸ್ಕೆಟ್‌ಬಾಲ್ ಐಕ್ಯೂ" ಜಾಸ್ತಿ, ಶ್ರಮಜೀವಿ, ಕೋಚ್ ಮನೆಯ ಮಗನ ಹಾಗೆ. ಎಲ್ಲರೂ ಯಾವಾಗಲೂ ಹೀಗೇ ಬರೀತಾರೆ ಅಂತಲ್ಲ. ಆದರೆ ಈ ಪದಗಳು ಯಾವ ಚರ್ಮದ ಮೇಲೆ ಹೆಚ್ಚು ಹೋಗಿ ಕೂರ್ತವೆ ಅನ್ನೋದು ಅಲ್ಲಿ ಹಳೇ ಚರ್ಚೆ. ಒಬ್ಬನಿಗೆ ದೇಹ, ಇನ್ನೊಬ್ಬನಿಗೆ ಬುದ್ಧಿ. ಈ ಹಂಚಿಕೆ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಒಬ್ಬನನ್ನ ತಲೆಯಿಂದ ಹುಟ್ಟಿಸಿ, ಇನ್ನೊಬ್ಬನನ್ನ ಪಾದದಿಂದ ಹುಟ್ಟಿಸಿದ ದೇಶದವರು ನಾವು.

ಇದು ಬರೀ ಬೈಗುಳ ಅಲ್ಲ, ಸಾಕ್ಷಿ ಇದೆ. ಜೆರೆಮಿ ಲಿನ್. ತೈವಾನಿನಿಂದ ಬಂದ ತಂದೆತಾಯಿಯ ಮಗ. 2006ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತನ್ನ ಹೈಸ್ಕೂಲಿಗೆ ರಾಜ್ಯ ಪ್ರಶಸ್ತಿ ಗೆದ್ದುಕೊಟ್ಟ. ಆದರೂ ಮೊದಲ ದರ್ಜೆಯ ಒಂದು ಕಾಲೇಜೂ ಅವನಿಗೆ ಆಟದ ವಿದ್ಯಾರ್ಥಿವೇತನ ಕೊಡಲಿಲ್ಲ. ಹಾರ್ವರ್ಡ್‌ನಲ್ಲಿ ಆಡಿ 2010ರ ಡ್ರಾಫ್ಟಿಗೆ ಬಂದ. 60 ಆಯ್ಕೆಯಲ್ಲಿ ಅವನ ಹೆಸರಿಲ್ಲ. ಹ್ಯೂಸ್ಟನ್ ತಂಡದ ಆಗಿನ ಜನರಲ್ ಮ್ಯಾನೇಜರ್ ಡ್ಯಾರಿಲ್ ಮೋರಿ ಅಂಕಿಅಂಶ ನಂಬೋ ಮನುಷ್ಯ. ಅವರ ಕಂಪ್ಯೂಟರ್ ಲೆಕ್ಕ, "ಇವನನ್ನ ಹದಿನೈದನೇ ಆಸುಪಾಸಲ್ಲೇ ತಗೊಳ್ಳಿ" ಅಂತ ಹೇಳಿತ್ತು. ತಗೊಳ್ಳಲಿಲ್ಲ. ಯಾಕೆ? ನೋಡಿದ ಕಣ್ಣಿಗೆ ಅವನು ಅಷ್ಟೇನೂ ಚುರುಕಿಲ್ಲದ ಏಷ್ಯಾದ ಹುಡುಗನಾಗಿ ಕಂಡ. ಆಮೇಲೆ ಮೊದಲ ಹೆಜ್ಜೆಯ ವೇಗ ಅಳೆಯೋಕೆ ಶುರು ಮಾಡಿದಾಗ ಗೊತ್ತಾಗಿದ್ದು, ಅವರು ಅಳೆದವರಲ್ಲೆಲ್ಲಾ ಅವನೇ ಅತಿ ಚುರುಕು! 2011ರ ಡಿಸೆಂಬರಿನಲ್ಲಿ ಇದೇ ಹ್ಯೂಸ್ಟನ್ ಅವನನ್ನ ತಗೊಂಡು ಎರಡು ವಾರದೊಳಗೆ ಕೈಬಿಡ್ತು. 2012ರ ಫೆಬ್ರವರಿಯಲ್ಲಿ ನ್ಯೂಯಾರ್ಕಿಗೆ ಆಡ್ತಾ ಲೇಕರ್ಸ್ ವಿರುದ್ಧ 38 ಪಾಯಿಂಟ್ ಹೊಡೆದ. ಅದೇ ವರ್ಷ ಹ್ಯೂಸ್ಟನ್ನಿನವರೇ ಎರಡೂವರೆ ಕೋಟಿ ಡಾಲರ್ ಕೊಟ್ಟು ವಾಪಸ್ ಕರ್ಕೊಂಡರು.

ಮೈಕಲ್ ಲೂಯಿಸ್ ಅನ್ನೋ ಲೇಖಕ 2016ರ ತನ್ನ ಪುಸ್ತಕದಲ್ಲಿ ಇದೆಲ್ಲ ಬರೆದಿದ್ದಾನೆ. ಅದರಲ್ಲಿ ಇನ್ನೊಂದು ಸಂಗತಿ ಇದೆ, ದಯವಿಟ್ಟು ನೆನಪಿಟ್ಕೊಳ್ಳಿ. ಮೋರಿ ತನ್ನ ಸ್ಕೌಟುಗಳಿಗೆ ಒಂದು ನಿಯಮ ಹಾಕಿದ: ಹೊಸ ಹುಡುಗನನ್ನ ಯಾರಿಗಾದರೂ ಹೋಲಿಸಬೇಕು ಅಂದ್ರೆ ಬೇರೆ ಜನಾಂಗದ ಆಟಗಾರನಿಗೇ ಹೋಲಿಸಬೇಕು. ಬಿಳಿಯನನ್ನ ಬಿಳಿಯನಿಗೆ, ಕಪ್ಪು ಹುಡುಗನನ್ನ ಕಪ್ಪು ಆಟಗಾರನಿಗೆ ಹೋಲಿಸೋ ಹಾಗಿಲ್ಲ. ಆ ಗೆರೆ ದಾಟಬೇಕು ಅಂದ ತಕ್ಷಣ ಎಷ್ಟೋ ಹೋಲಿಕೆಗಳು ಹಾಗೇ ಉದುರಿ ಹೋದವಂತೆ. ಅಂದ್ರೆ ಅಲ್ಲಿವರೆಗೆ ಆ ಅನುಭವಿ ಕಣ್ಣು ನೋಡ್ತಿದ್ದಿದ್ದು ಆಟವನ್ನಲ್ಲ, ಚರ್ಮವನ್ನ. ಕೋಟಿಗಟ್ಟಲೆ ದುಡ್ಡು ಸುರಿದು, ವಿಡಿಯೊ, ಕಂಪ್ಯೂಟರ್ ಇಟ್ಕೊಂಡು, ತಪ್ಪಾದರೆ ತಮ್ಮದೇ ಜೇಬಿಗೆ ನಷ್ಟ ಅಂತ ಗೊತ್ತಿದ್ದೂ ಅವರ ಕಣ್ಣು ಹಿಂಗೆ ಮೋಸ ಹೋಗುತ್ತೆ. ಹಾಗಿರುವಾಗ ಹತ್ತು ನಿಮಿಷ ನೋಡಿ ನಮ್ಮ ಹುಡುಗನ ತಲೆ ಅಳೆದ ಸಾಹೇಬರ ಕಣ್ಣಿಗೆ ಯಾವ ಗ್ಯಾರಂಟಿ?

ಇನ್ನೊಂದು ಕಪಟ ನೋಡಿ. ಕಾಲೇಜು ಆಟಗಾರರನ್ನ "ಸ್ಟೂಡೆಂಟ್ ಅಥ್ಲೀಟ್" ಅಂತ ಕರೀತಾರೆ. ಗೌರವದ ಪದ ಅನ್ಕೊಂಡಿದ್ರಾ? 1950ರ ದಶಕದಲ್ಲಿ ಗಾಯಗೊಂಡ ಆಟಗಾರರಿಗೆ ಕಾರ್ಮಿಕ ಪರಿಹಾರ ಕೊಡಬೇಕಾಗುತ್ತೆ ಅನ್ನೋ ಭಯಕ್ಕೆ ಹುಟ್ಟಿಸಿದ ಪದ ಅದು. ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಮುಖ್ಯಸ್ಥರಾಗಿದ್ದ ವಾಲ್ಟರ್ ಬೈಯರ್ಸ್ ನಿವೃತ್ತಿಯಾದ ಮೇಲೆ ತಾವೇ ಬರೆದಿದ್ದಾರೆ. ವಿದ್ಯಾರ್ಥಿ ಅನ್ನು, ಸಂಬಳ ಕೊಡಬೇಡ. ದಶಕಗಟ್ಟಲೆ ಕಾಲೇಜುಗಳು, ಕೋಚುಗಳು, ಟಿವಿ ಚಾನೆಲ್‌ಗಳು ದುಡ್ಡು ಮಾಡಿದವು. ಹುಡುಗರಿಗೆ ಹೆಸರು, ಚಿತ್ರ ಬಳಸಿ ದುಡಿಯೋ ಅವಕಾಶ ಸಿಕ್ಕಿದ್ದೇ 2021ರಲ್ಲಿ. ಕಾಲೇಜೇ ನೇರವಾಗಿ ಹಣ ಕೊಡೋ ಒಪ್ಪಂದಕ್ಕೆ ಕೋರ್ಟ್ ಒಪ್ಪಿದ್ದು 2025ರ ಜೂನಿನಲ್ಲಿ.

ಅಷ್ಟಕ್ಕೂ ವಿದ್ಯೆ ಮೇಲೆ ಅವರಿಗೆ ಅಷ್ಟು ಪ್ರೀತಿ ಇದ್ದಿದ್ದರೆ ಡಿಗ್ರಿ ಮುಗಿಸಿದವನಿಗೆ ಬೆಲೆ ಇರಬೇಕಿತ್ತಲ್ವಾ? ಡ್ರಾಫ್ಟಿನಲ್ಲಿ 22 ವರ್ಷದ ಹುಡುಗ ಮುದುಕ! "ಇನ್ನೇನು ಬೆಳೀತಾನೆ" ಅಂತ ಕೆಳಗೆ ತಳ್ತಾರೆ. ನಾಲ್ಕು ವರ್ಷ ಕಾಲೇಜಲ್ಲಿ ಆಡಿದ ಡ್ರೇಮಂಡ್ ಗ್ರೀನ್ 2012ರಲ್ಲಿ 35ನೆಯವನು. ನಾಲ್ಕು ವರ್ಷ ಆಡಿದ ಫ್ರೆಡ್ ವ್ಯಾನ್‌ವ್ಲೀಟ್ 2016ರಲ್ಲಿ ಆಯ್ಕೆಯೇ ಆಗಲಿಲ್ಲ. ಎರಡು ಸಲ ರಾಷ್ಟ್ರೀಯ ಚಾಂಪಿಯನ್, ವರ್ಷದ ಶ್ರೇಷ್ಠ ಕಾಲೇಜು ಆಟಗಾರ ಆಗಿದ್ದ ಜೇಲನ್ ಬ್ರನ್ಸನ್ 2018ರಲ್ಲಿ 33ನೆಯವನು. ಮೂವರೂ ಆಮೇಲೆ ಏನಾದರು ಅಂತ ಆಟ ನೋಡೋರಿಗೆ ಗೊತ್ತು.

ಸ್ಪೆನ್ಸರ್ ಹೇವುಡ್ ಅವರ ಹೆಸರನ್ನ ನಮ್ಮ ಹುಡುಗರಿಗೆ ಹೇಳಿಕೊಡಬೇಕು. ಮಿಸಿಸಿಪ್ಪಿಯ ಸಿಲ್ವರ್ ಸಿಟಿಯಲ್ಲಿ ಬಾಲ್ಯದಲ್ಲೇ ಹತ್ತಿ ಬಿಡಿಸಿದವರು. 1968ರಲ್ಲಿ ಒಲಿಂಪಿಕ್ ಚಿನ್ನ. ಆಗ ಹೈಸ್ಕೂಲ್ ಮುಗಿದು ನಾಲ್ಕು ವರ್ಷ ಆಗೋವರೆಗೂ ಎನ್‌ಬಿಎ ಸೇರೋ ಹಾಗಿರಲಿಲ್ಲ. ಮನೆ ಬಡತನಕ್ಕೆ ನಾಲ್ಕು ವರ್ಷ ಕಾಯೋ ಪುರುಸೊತ್ತು ಎಲ್ಲಿ? ಅವರು ಕೋರ್ಟಿಗೆ ಹೋದರು, 1971ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಆ ಬಾಗಿಲಿಂದಲೇ ಮುಂದೆ ಕೋಬಿ, ಲೆಬ್ರಾನ್ ಹೈಸ್ಕೂಲಿನಿಂದ ನೇರ ಬಂದಿದ್ದು. 2005ರಲ್ಲಿ ಕನಿಷ್ಠ 19 ವರ್ಷ ಅಂತ ಮತ್ತೆ ಬಾಗಿಲು ಅರ್ಧ ಮುಚ್ಚಿದರು. ಬಹುತೇಕ ಬಿಳಿ ಹುಡುಗರೇ ಆಡೋ ಐಸ್ ಹಾಕಿಯಲ್ಲಿ 18ಕ್ಕೇ ವೃತ್ತಿಗೆ ಹೋದರೆ ಯಾರಿಗೂ ಚಿಂತೆ ಇಲ್ಲ. ಇದನ್ನ ಜರ್ಮೇನ್ ಓ'ನೀಲ್ ಅನ್ನೋ ಆಟಗಾರ ಆಗಲೇ ಜನಾಂಗದ ಪ್ರಶ್ನೆಯಾಗಿ ಎತ್ತಿದ್ದ.

ಈಗ ನಮ್ಮಲ್ಲಿಗೆ ಬರ್ತೀನಿ. "ಸಂದರ್ಶನದಲ್ಲಿ ಪರ್ಸನಾಲಿಟಿ ಸಾಲದು", "ಹುಡುಗಿ ಓದ್ತಾಳೆ, ಕಮ್ಯುನಿಕೇಶನ್ ಇಲ್ಲ", ಗೌಪ್ಯ ವರದಿಯಲ್ಲಿ "ನಾಯಕತ್ವ ಗುಣ: ಸಾಧಾರಣ". ಇವೆಲ್ಲ ನಮ್ಮ ಸ್ಕೌಟುಗಳ ಭಾಷೆ. ಆಟದ ಮೈದಾನದಲ್ಲಿ "ಗೇಮ್ ಸೆನ್ಸ್", ಆಫೀಸಿನಲ್ಲಿ "ದಕ್ಷತೆ". ನಮ್ಮ ರಾಜ್ಯದ ಬಡ್ತಿ ಮೀಸಲಾತಿ ಕಾಯ್ದೆಯನ್ನ 2019ರ ಬಿ.ಕೆ. ಪವಿತ್ರಾ ಪ್ರಕರಣದಲ್ಲಿ ಎತ್ತಿ ಹಿಡಿದಾಗ ಸುಪ್ರೀಂ ಕೋರ್ಟೇ ಹೇಳ್ತು, ಮೆರಿಟ್ ಅಂದ್ರೆ ಬರೀ ಪರೀಕ್ಷೆಯ ರ್‍ಯಾಂಕ್ ಅಲ್ಲ ಅಂತ. 2017ರ ತೀರ್ಪಿನ ಮೇಲೆ ಹಿಂಬಡ್ತಿ ಆದೇಶ ಕೈಗೆ ಬಂದಾಗ ನಮ್ಮವರ ಮುಖ ಹೇಗಿತ್ತು ಅಂತ ಕಣ್ಣಾರೆ ನೋಡಿದ ನನ್ನಂಥ ಗುಮಾಸ್ತನಿಗೆ ಆ ಸಾಲಿನ ಬೆಲೆ ಗೊತ್ತು.

ಒಂದು ಎಚ್ಚರಿಕೆ ನಮ್ಮವರಿಗೂ. ಕೆಲವು ಗೆಳೆಯರು ಹೆಮ್ಮೆಯಿಂದ ಬರೀತಾರೆ, "ನಮ್ಮ ಜನ ಮೈಬಗ್ಗಿಸಿ ದುಡಿದೋರು, ಕ್ರೀಡೆ ನಮ್ಮ ರಕ್ತದಲ್ಲೇ ಇದೆ." ಬೇಡ ಕಣ್ರಪ್ಪಾ. ಅದು ಸ್ಕೌಟಿನ ವರದಿಯನ್ನ ನಾವೇ ಬರೆದುಕೊಟ್ಟ ಹಾಗೆ. ಇವತ್ತು ಬಾಡಿ ಇದೆ ಅಂತ ಬೆನ್ನು ತಟ್ಟಿಸ್ಕೊಂಡರೆ ನಾಳೆ ತಲೆ ಇಲ್ಲ ಅಂತ ಹೊರಗೆ ನಿಲ್ಲಿಸ್ತಾರೆ. ಎರಡೂ ಒಂದೇ ವಾಕ್ಯ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಆಯ್ಕೆ ಎಲ್ಲೇ ಆಗಲಿ, ತಂಡಕ್ಕಾಗಲಿ ಕೆಲಸಕ್ಕಾಗಲಿ, ಏನು ಅಳೀತೀರಿ, ಎಷ್ಟು ಅಂಕಕ್ಕೆ ಅಂತ ಮುಂಚೆ ಬರೆದು ಗೋಡೆಗೆ ಅಂಟಿಸಿ. ಪ್ರತಿಯೊಬ್ಬ ಆಯ್ಕೆಗಾರ ಪಕ್ಕದವನ ಮುಖ ನೋಡೋ ಮುಂಚೆ ತನ್ನ ಅಂಕ ಬರೆದು ಸಹಿ ಹಾಕಲಿ. ಬೇಡ ಅಂದವರಿಗೆ ಕಾರಣ ಬರೆದು ಕೊಡಿ. ಆ ಮೇಜಿನ ಹಿಂದೆ ನಮ್ಮವರೂ ಕೂರಬೇಕು. ಅಷ್ಟೇ.

ಅಕ್ಕನ ಮಗ ಆಟ ಬಿಡ್ತೀನಿ ಅಂತಿದ್ದ. ಬಿಡಬೇಡ ಅಂದಿದೀನಿ. ಮುಂದಿನ ಸಲ ಆಯ್ಕೆಗೆ ನಾನೂ ರಜೆ ಹಾಕಿ ಹೋಗ್ತೀನಿ, ಜೇಬಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಕೊಂಡು. ಮತ್ತೆ ಯಾರಾದರೂ "ಗೇಮ್ ಸೆನ್ಸ್ ಇಲ್ಲ" ಅಂದರೆ ಮಾಹಿತಿ ಹಕ್ಕಿನಲ್ಲಿ ಒಂದೇ ಪ್ರಶ್ನೆ ಕೇಳ್ತೀನಿ. ಅವನು ನನ್ನ ಕೇಳಿದ್ದನ್ನೇ: ಎಷ್ಟು ಮಾರ್ಕ್ಸಿಗೆ, ಹೆಂಗೆ ಅಳೆದ್ರಿ?

ನಿಮ್ಮ ಮಕ್ಕಳಿಗೂ ಇಂಥ ಮಾತು ಬಿದ್ದಿದ್ದರೆ ಕಾಮೆಂಟಲ್ಲಿ ಬರೀರಿ. ಹೆಸರು ಬೇಡ, ಆ ವಾಕ್ಯ ಮಾತ್ರ ಬರೀರಿ ಸಾಕು.

ಜೈಭೀಮ್.