ತಾಯಿಯ ಸೀರೆಯ ತುಂಡು

ಸಿರಾ ತಾಲ್ಲೂಕಿನ ಬರಗೂರು ಸೀಮೆಯಲ್ಲಿ ಕಡಲೆಕಾಯಿ ಹೊಲದ ಕಳೆ ತೆಗೆಯುವಾಗ ಬದುವಿನ ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುವುದು ಬಹುಕಾಲದ ವಾಡಿಕೆ. ಆ ಜೋಲಿಗೆ ತಾಯಿ ಉಟ್ಟು ಹಳತಾದ ಸೀರೆಯೇ ಆಗಬೇಕು. ಹೊಸ ಬಟ್ಟೆ ಒರಟೆಂಬುದು ಅಜ್ಜಿಯರು ಕೊಡುವ ಕಾರಣ. ಅದು ನಿಜವೇ, ಆದರೆ ಅದಕ್ಕೂ ಮಿಗಿಲಾದುದೊಂದು ಆ ಸೀರೆಯಲ್ಲಿದೆ. ಅದು ತಾಯಿಯ ಮೈವಾಸನೆ.

ಸುಮಾರು ಒಂದು ವಾರದ ಹಸುಗೂಸು ಕೂಡ ಈ ವಾಸನೆಯನ್ನು ಗುರುತಿಸಬಲ್ಲುದು. ತನ್ನ ತಾಯಿ ಎದೆಗಿಟ್ಟುಕೊಂಡಿದ್ದ ಬಟ್ಟೆಯನ್ನೂ ಬೇರೊಬ್ಬ ತಾಯಿಯದನ್ನೂ ಮುಖದ ಎರಡು ಬದಿಗಿಟ್ಟರೆ, ಶಿಶು ತನ್ನ ತಾಯಿಯ ಬಟ್ಟೆಯ ಕಡೆಗೇ ಹೆಚ್ಚಾಗಿ ತಿರುಗುವುದೆಂದು ಇಂಗ್ಲೆಂಡಿನ ಮಕ್ಕಳ ವೈದ್ಯ ಮ್ಯಾಕ್‌ಫರ್ಲೇನ್ 1975ರಲ್ಲಿ ತೋರಿಸಿಕೊಟ್ಟರು. ಸ್ಪರ್ಶದ ಮಹತ್ವವಂತೂ ಅದಕ್ಕೆ ಮೊದಲೇ ತಿಳಿದಿತ್ತು. ಅಮೆರಿಕದ ಹ್ಯಾರಿ ಹಾರ್ಲೋ ತಾಯಿಯಿಂದ ಅಗಲಿಸಿದ ಮಂಗನ ಮರಿಗಳಿಗೆ ಎರಡು ಬೊಂಬೆತಾಯಂದಿರನ್ನು ಒದಗಿಸಿ, ಕಂಡುದನ್ನು 1958ರಲ್ಲಿ ಪ್ರಕಟಿಸಿದರು. ಒಂದು ತಂತಿಯದು, ಇನ್ನೊಂದು ಮೆತ್ತನೆಯ ಬಟ್ಟೆಯದು. ಹಾಲಿನ ಸೀಸೆ ತಂತಿಯ ಬೊಂಬೆಯಲ್ಲಿದ್ದರೂ, ಹಾಲು ಕುಡಿದೊಡನೆ ಮರಿಗಳು ಬಟ್ಟೆಯ ಬೊಂಬೆಗೆ ಮರಳಿ ಅಪ್ಪಿಕೊಳ್ಳುತ್ತಿದ್ದವು. ಮಗು ಹಾಲಿಗಾಗಿ ಮಾತ್ರ ತಾಯಿಯನ್ನು ಬಯಸುತ್ತದೆಂಬ ಎಣಿಕೆ ಅಂದಿಗೆ ಸಡಿಲವಾಯಿತು. (ಆ ಮರಿಗಳು ಪಟ್ಟ ಸಂಕಟವನ್ನು ನೆನೆದರೆ ಇಂಥ ಪ್ರಯೋಗ ಮತ್ತೆ ನಡೆಯಬಾರದೆಂದೇ ನಮಗೆ ತೋರುತ್ತದೆ.)

ಮಗು ಬಟ್ಟೆಯ ಚೂರನ್ನೋ ಬೊಂಬೆಯನ್ನೋ ಹಿಡಿದು ನಿದ್ದೆಹೋಗುವ ಅಭ್ಯಾಸವನ್ನು ಲಂಡನ್ನಿನ ವೈದ್ಯ ವಿನಿಕಾಟ್ 1951ರ ಪ್ರಬಂಧವೊಂದರಲ್ಲಿ ಗಂಭೀರವಾಗಿ ಪರಿಶೀಲಿಸಿದರು. ಅವರ ಮತದಲ್ಲಿ ಆ ವಸ್ತು ತಾಯಿಗೂ ಹೊರಜಗತ್ತಿಗೂ ನಡುವಣ ಸೇತುವೆ. ಅದನ್ನು ಒಗೆದರೆ ಹಳೆಯ ವಾಸನೆ ಹೋಗಿ ಮಗುವಿನ ಪಾಲಿಗೆ ಅದು ಬೇರೆಯ ವಸ್ತುವೇ ಆದೀತೆಂದೂ ಅವರು ಬರೆದರು. ಇದನ್ನು ಕೆಟ್ಟ ಚಟವೆಂದು ಬಗೆದು ಕಸಿದುಕೊಳ್ಳುವವರು, ಮಗುವನ್ನು ಹಾಸ್ಯಮಾಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದು ಸಲ್ಲದು.

ಹಾಗಾದರೆ ನಮ್ಮ ಹಳ್ಳಿಗಳಲ್ಲಿ ಇದು ಅಷ್ಟಾಗಿ ಏಕೆ ಕಾಣುತ್ತಿರಲಿಲ್ಲ? ಇಟಲಿಯ ಗಾಡಿನಿ ದಂಪತಿಗಳು 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉತ್ತರವಿದೆ. ರೋಮ್ ನಗರದ ಮಕ್ಕಳಲ್ಲಿ ಈ ಅಭ್ಯಾಸ ಸಾಕಷ್ಟಿತ್ತು. ತಾಯಿಯ ಮಗ್ಗುಲಲ್ಲೇ ಬೆಳೆಯುವ ಹಳ್ಳಿಯ ಮಕ್ಕಳಲ್ಲಿ ತೀರ ವಿರಳ. ಸೆರಗೇ ಕೈಯಲ್ಲಿರುವಾಗ ಸೆರಗಿನ ಪ್ರತಿನಿಧಿ ಏತಕ್ಕೆ? ಆದರೆ ಈಗ ಹಳ್ಳಿಯ ತಾಯಿಯೂ ಕೂಲಿಗೋ ಕಾರ್ಖಾನೆಗೋ ದಿನವಿಡೀ ಮಗುವನ್ನು ಬಿಟ್ಟು ಹೋಗಬೇಕಾಗಿದೆ. ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವ ಯೋಜನೆಯನ್ನು ಕರ್ನಾಟಕ ಸರ್ಕಾರ 2023ರಲ್ಲಿ ಘೋಷಿಸಿತು. ಅಲ್ಲಿ ಹಾಲು, ಆಹಾರ, ಆಟಿಕೆಗಳ ವಿಚಾರ ಬರುತ್ತದೆ. ಮಧ್ಯಾಹ್ನ ಅಪರಿಚಿತರ ನಡುವೆ ಕೂಸು ಕಣ್ಣುಮುಚ್ಚುವುದು ಹೇಗೆಂಬ ವಿಚಾರವೂ ಬರಬೇಕು. ಕೂಸನ್ನು ಒಪ್ಪಿಸಿಕೊಳ್ಳುವಾಗ ಅದರ ತಾಯಿಯ ಸೀರೆಯದೊಂದು ತುಂಡನ್ನೂ ಒಪ್ಪಿಸಿಕೊಳ್ಳಬೇಕೆಂಬುದು ನಮ್ಮ ಸಲಹೆ. ಹಸುಗೂಸಿನ ನಿದ್ದೆ ಗಂಟೆಗೊಮ್ಮೆ ತೆಳುವಾಗುತ್ತದೆ. ನಿದ್ದೆಹೋದಾಗ ಇದ್ದ ವಾಸನೆ ಆಗಲೂ ಇದ್ದರೆ ಅದು ತಾನಾಗಿಯೇ ಮತ್ತೆ ನಿದ್ದೆಗೆ ಜಾರುವುದು ಸುಲಭ.

ಆದರೆ ಇಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆಯೊಂದುಂಟು. ವರ್ಷ ತುಂಬದ ಕೂಸು ಮಲಗಿರುವಲ್ಲಿ ಸಡಿಲವಾದ ಬಟ್ಟೆ, ದಿಂಬು, ಬೊಂಬೆ ಯಾವುದೂ ಇರಕೂಡದು. ಮುಖದ ಮೇಲೆ ಬಿದ್ದ ಬಟ್ಟೆಯನ್ನು ಸರಿಸುವ ಶಕ್ತಿ ಅದಕ್ಕಿಲ್ಲ. ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಂಡು ಉಸಿರುಗಟ್ಟುವ ಅಪಾಯವಿದೆ. ಆದುದರಿಂದ ಮೊದಲ ವರ್ಷ ಆ ತುಂಡು ತೊಡೆಯ ಮೇಲೆ, ಕಣ್ಣೆದುರಿನಲ್ಲಿ ಮಾತ್ರ. ನಿದ್ದೆ ಹತ್ತಿದೊಡನೆ ತೆಗೆದಿಡಬೇಕು. ಗಟ್ಟಿಯಾದ ಹಾಸಿಗೆಯ ಮೇಲೆ ತಾಯಿಯ ಸೀರೆಯನ್ನು ಬಿಗಿಯಾಗಿ ಹಾಸಿ, ಅಂಚುಗಳನ್ನು ಅಡಿಗೆ ಮಡಿಸಿ, ಕೂಸನ್ನು ಅಂಗಾತ ಮಲಗಿಸಿದರೆ ವಾಸನೆಯೂ ದೊರೆಯುತ್ತದೆ, ಅಪಾಯವೂ ಇಲ್ಲ. ಜೋಲಿಯ ಬಗೆಗೂ ನಾವು ಹೇಳಲೇಬೇಕು: ಅದರಲ್ಲಿ ಕೂಸಿನ ಕತ್ತು ಬಾಗಿ ಗದ್ದ ಎದೆಗೆ ತಾಗಬಹುದು, ದೊಡ್ಡ ಮಕ್ಕಳು ಅದರಲ್ಲಿ ಸುತ್ತಿಕೊಂಡು ಆಡುವಾಗ ಕೊರಳಿಗೆ ಬಿಗಿದು ಸತ್ತ ಪ್ರಸಂಗಗಳು ನಮ್ಮ ದೇಶದಲ್ಲೇ ನಡೆದಿವೆ. ತಮ್ಮತಂಗಿಯರನ್ನು ತೂಗುವ ಹೊಣೆ ಹೊತ್ತ ವಿದ್ಯಾರ್ಥಿಗಳು ಇದನ್ನು ಮರೆಯಬಾರದು.

ತುಂಡು ಕೊಳೆಯಾಗುವುದಿಲ್ಲವೇ ಎಂದು ಕೇಳಬಹುದು. ಎರಡು ತುಂಡುಗಳಿದ್ದರೆ ಸಾಕು. ಒಂದನ್ನು ಒಗೆದು ಬಿಸಿಲಿಗೆ ಹಾಕಿ, ರಾತ್ರಿ ತಾಯಿ ತನ್ನ ಮಗ್ಗುಲಲ್ಲಿಟ್ಟುಕೊಂಡು ಮಲಗಿದರೆ ಬೆಳಗಿಗೆ ಅದು ಮಗುವಿಗೆ ಮತ್ತೆ ಒಪ್ಪಿಗೆಯಾದೀತು. ಎಳೆಗಳು ಬಿಚ್ಚಿ ಬೆರಳಿಗೆ ಸುತ್ತಿಕೊಳ್ಳದಂತೆ ಅಂಚನ್ನು ಹೊಲಿದಿರಬೇಕು. ಕರವಸ್ತ್ರಕ್ಕಿಂತ ದೊಡ್ಡದು ಬೇಕಿಲ್ಲ.